ನೀರಿನ ಲೆಕ್ಕದಲ್ಲಿ ಉಪ್ಪಿನ ಕಾಲಂ

ಹುನಗುಂದ, ಇಳಕಲ್ ಕಡೆಯ ನಮ್ಮ ನೆಂಟರಿಗೆ ನೀರಿಲ್ಲ ಅನ್ನೋ ಚಿಂತೆ. ಬಾದಾಮಿ ತಾಲ್ಲೂಕಿನ ನಮ್ಮ ಕಾಕಾಗೆ ನೀರು ಹೆಚ್ಚಾಗಿ ಎರಡು ಎಕರೆ ಎರೆ ಹೊಲ ಸವಳಾದ ಚಿಂತೆ. ಬಸಿಗಾಲುವೆ ತೆಗೆಸಿದ ಮೇಲೆ ಆ ಹೊಲ ನಿಧಾನಕ್ಕೆ ಸುಧಾರಿಸ್ತಿದೆ. "ತಮ್ಮಾ, ಈ ಸಲ ಉಳ್ಳಾಗಡ್ಡಿ ಹಚ್ಚಲೇನು?" ಅಂತ ಫೋನ್ ಮಾಡಿದರು. ಸಾಫ್ಟ್‌ವೇರ್‌ನವನು ನಾನು, ಎಕ್ಸೆಲ್ ತೆರೆದೆ.

ಬೀಜ, ಗೊಬ್ಬರ, ಆಳು ಎಲ್ಲ ಬರೆದೆವು. ಬಿಟ್ಟುಹೋಗಿದ್ದು ಉಪ್ಪು.

ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1.03 ಲಕ್ಷ ಲೀಟರ್. ಲೀಟರಿಗೆ ಅರ್ಧ ಗ್ರಾಂ ಉಪ್ಪಿರುವ ನೀರನ್ನು ಎರಡೆರಡು ಇಂಚಿನಂತೆ ಹತ್ತು ಸಲ ಹಾಯಿಸಿದರೆ ಎಕರೆಗೆ ಒಂದು ಟನ್ ಉಪ್ಪು! ನೀರು ಆವಿಯಾಗುತ್ತೆ, ಉಪ್ಪು ಉಳಿಯುತ್ತೆ. ಅದನ್ನು ತೊಳೆಯೋಕೆ ಹೆಚ್ಚುವರಿ ನೀರು ಬೇಕು. ಆದರೆ ಆ ನೀರು ಬಸಿದು ಹೋಗೋಕೆ ದಾರಿ ಇಲ್ಲದಿದ್ದರೆ ಸವಳು ಇನ್ನಷ್ಟು ಹೆಚ್ಚುತ್ತೆ. ಹಾಗಾಗಿ ಸುಧಾರಿಸುತ್ತಿರುವ ಹೊಲಕ್ಕೆ ಮೊದಲ ಖರ್ಚು ಪಂಪ್‌ಸೆಟ್ಟಲ್ಲ, ಬಸಿಗಾಲುವೆ.

ಎರಡನೆಯದು ಬೆಳೆಯ ಆಯ್ಕೆ. ಮಣ್ಣಿನ ಉಪ್ಪನ್ನು 'ಇಸಿ' ಅನ್ನೋ ಅಂಕಿಯಲ್ಲಿ ಅಳೀತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪಟ್ಟಿಯಂತೆ ಉಳ್ಳಾಗಡ್ಡಿ ತಡೆಯೋದು 1.2ರವರೆಗೆ, ಕಬ್ಬು 1.7, ಜೋಳ 6.8, ಹತ್ತಿ 7.7. ಇಸಿ 4 ಇದ್ದರೆ ಉಳ್ಳಾಗಡ್ಡಿ ಇಳುವರಿ ಸುಮಾರು 45% ಕಡಿಮೆ. ಖರ್ಚು ಮಾತ್ರ ಪೂರ್ತಿ! ಹತ್ತಿಗೆ ಅಷ್ಟು ಉಪ್ಪು ಲೆಕ್ಕಕ್ಕಿಲ್ಲ. (ಮಣ್ಣು ಪರೀಕ್ಷೆಯ ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತೆ, ಕೇಳಿ ತಿಳ್ಕೊಳ್ಳಿ.) ಪಿಎಚ್ 8.5 ದಾಟಿದ್ದರೆ ಜಿಪ್ಸಂ ಖರ್ಚನ್ನೂ ಸೇರಿಸಬೇಕಾಗಬಹುದು.

ಮೂರನೆಯದು ಪಕ್ಕದವರ ಹೊಲ. ಬಸಿದ ನೀರು ಹಳ್ಳ ಸೇರಬೇಕಾದರೆ ಕೆಳಗಿನ ಹೊಲ ದಾಟಬೇಕು. ಒಬ್ಬರೇ ತೆಗೆಸಿದರೆ ಖರ್ಚೂ ಜಾಸ್ತಿ, ಜಗಳವೂ ಜಾಸ್ತಿ. ನಾಲ್ಕು ಮನೆಯವರು ಕೂಡಿದರೇನೇ ಲೆಕ್ಕ ಸರಿಹೋಗೋದು.

ಹುನಗುಂದ ಕಡೆಯವರೂ ಇದನ್ನು ಗಮನಿಸಬೇಕು. ನಾರಾಯಣಪುರ ಜಲಾಶಯದ ಹಿನ್ನೀರಿನ ರಾಮಥಾಳ ಯೋಜನೆಯನ್ನು ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ ಅಂತಲೇ ರೂಪಿಸಿದ್ದು. ಹನಿಯಲ್ಲಿ ನೀರು ಕಡಿಮೆ, ಹೊಲ ಜವಳಾಗುವ ಭಯವೂ ಕಡಿಮೆ. ಆದರೂ ಒದ್ದೆಯಾದ ಜಾಗದ ಅಂಚಿಗೆ ಉಪ್ಪು ಕೂಡುತ್ತೆ. ಮಳೆ ಸಾಲದ ವರ್ಷ ಅದನ್ನು ತೊಳೆಯೋ ನೀರಿನ ಲೆಕ್ಕವೂ ಇರಲಿ.

ಮಣ್ಣಿನ ವರದಿ ನೋಡಿ ಕಾಕಾ ಹತ್ತಿ ಹಾಕೋಕೆ ಒಪ್ಪಿದ್ದಾರೆ. ಉಳ್ಳಾಗಡ್ಡಿ ಆಸೆ ಬಿಟ್ಟಿಲ್ಲ, ಇಸಿ ಇಳಿಯಲಿ ಅಂತ ಕಾಯ್ತಿದ್ದಾರೆ. ಊರಲ್ಲಿ ಹೊಲ ಇರೋರು ಈ ಸಲ ಹೋದಾಗ ಒಂದು ಚೀಲ ಮಣ್ಣು ಪರೀಕ್ಷೆಗೆ ಕೊಟ್ಟು ಬನ್ನಿ.