ಮನೆತನದ ವೈದ್ಯರು, ಓಣಿಯ ದವಾಖಾನೆ

ವಿಜಯಪುರ ನಗರಕ್ಕೆ ಬಹುಕಾಲ ಕುಡಿಯುವ ನೀರೊದಗಿಸಿದ ಕೆರೆಯಿಂದ ಹೆಸರಾದ ಭೂತನಾಳ, ಅಥಣಿ ರಸ್ತೆಯ ಮೇಲಿರುವ ತಿಕೋಟಾ ಮತ್ತು ಜಮಖಂಡಿಯತ್ತ ಸಾಗುವ ದಾರಿಯ ಬಬಲೇಶ್ವರ, ಈ ಮೂರೂ ದೊಡ್ಡ ಆಸ್ಪತ್ರೆಗಳಿಂದ ದೂರವಿರುವ ಊರುಗಳಲ್ಲ. ಅಲ್-ಅಮೀನ್ ವೈದ್ಯಕೀಯ ಕಾಲೇಜು 1984ರಲ್ಲಿ, ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು 1986ರಲ್ಲಿ ವಿಜಯಪುರದಲ್ಲಿ ಆರಂಭವಾದವು. ಇವುಗಳ ಜೊತೆಗೆ ಜಿಲ್ಲಾ ಆಸ್ಪತ್ರೆಯೂ ಇದೆ. ಇಷ್ಟಿದ್ದರೂ ಮೈ ಬೆಚ್ಚಗಾದ ಕೂಸನ್ನು ಎತ್ತಿಕೊಂಡ ತಾಯಿಯಾಗಲಿ, ಕೀಲುನೋವಿನ ಮುದುಕರಾಗಲಿ ಮೊದಲು ಹೋಗುವುದು ಎರಡು ಕೋಣೆಗಳ, ಹೊರಗೆ ಬಾಕು ಹಾಕಿದ, ಈ ಸೀಮೆಯ ಜನ ದವಾಖಾನಿ ಎಂದು ಕರೆಯುವ ಚಿಕಿತ್ಸಾಲಯಕ್ಕೇ. ದೊಡ್ಡ ಆಸ್ಪತ್ರೆ ಹತ್ತಿರವಿದ್ದೂ ಈ ಪುಟ್ಟ ದವಾಖಾನೆ ಉಳಿದುಬಂದುದಕ್ಕೆ ಅಗ್ಗದ ದರ ಒಂದು ಕಾರಣವಾದರೂ, ಮುಖ್ಯ ಕಾರಣ ಅಲ್ಲಿ ರೋಗಿಯ ಪರಿಚಯವನ್ನು ಪ್ರತಿ ಸಲವೂ ಹೊಸದಾಗಿ ಹೇಳಬೇಕಾಗಿಲ್ಲ ಎಂಬುದು.

ವೈದ್ಯರು ಈ ನಗರಕ್ಕೆ ಹೊಸಬರಲ್ಲ. ಆದಿಲಶಾಹಿ ಆಸ್ಥಾನದ ಇತಿಹಾಸಕಾರನೆಂದು ಪ್ರಸಿದ್ಧನಾದ ಫಿರಿಶ್ತಾ ಸ್ವತಃ ವೈದ್ಯವಿದ್ಯೆ ಬಲ್ಲವನಾಗಿದ್ದು, ಭಾರತೀಯ ಚಿಕಿತ್ಸಾ ಪದ್ಧತಿಯನ್ನು ಪಾರಸಿ ಭಾಷೆಯಲ್ಲಿ ವಿವರಿಸುವ ಗ್ರಂಥವೊಂದನ್ನೂ ರಚಿಸಿದ್ದನು. ಆದರೆ ಇಂದಿನ ದವಾಖಾನೆಯ ನೇರ ಪೂರ್ವಜರನ್ನು ಹುಡುಕಬೇಕಾದದ್ದು ಮುಂಬಯಿ ಪ್ರಾಂತದ ಕಾಲದಲ್ಲಿ. 1912ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ವೈದ್ಯರ ಮತ್ತು ಶಸ್ತ್ರವೈದ್ಯರ ಕಾಲೇಜು ಎಲ್.ಸಿ.ಪಿ.ಎಸ್. ಎಂಬ ಪರವಾನಗಿ ಪದವಿಯನ್ನು, ಅಂದರೆ ಪೂರ್ಣ ವಿಶ್ವವಿದ್ಯಾಲಯ ಪದವಿಗಿಂತ ಕಿರಿದಾದ, ಆದರೆ ಸ್ವತಂತ್ರವಾಗಿ ವೃತ್ತಿ ನಡೆಸಲು ಸಾಕಾಗುವ ಅರ್ಹತೆಯನ್ನು ನೀಡುತ್ತಿತ್ತು; ಅಂಥ ಮೂರಕ್ಷರ, ನಾಲ್ಕಕ್ಷರದ ಪದವಿಗಳನ್ನು ಹೆಸರಿನ ಮುಂದೆ ಬರೆಸಿಕೊಂಡವರೇ ಪ್ರಾಂತದ ಸಣ್ಣ ಊರುಗಳಲ್ಲಿ ಮನೆತನದ ಡಾಕ್ಟರೆನಿಸಿಕೊಂಡರು. ಕಂಪೌಂಡರ್ ಎಂಬ ಸಹಾಯಕನು ಬಣ್ಣದ ಮಿಶ್ರಣವನ್ನು ಬಾಟಲಿಗೆ ಸುರಿದು, ಒಂದೊಂದು ಹೊತ್ತಿನ ಅಳತೆ ತಿಳಿಯಲೆಂದು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದಕ್ಕೆ ಅಂಟಿಸಿ ಕೊಡುತ್ತಿದ್ದ ಪದ್ಧತಿ ಆ ಕಾಲದ್ದು. ಈಗ ಆ ಕುರ್ಚಿಯಲ್ಲಿ ಎಂ.ಬಿ.ಬಿ.ಎಸ್. ಪದವೀಧರರೂ ಇದ್ದಾರೆ, ಆಯುರ್ವೇದ ಮತ್ತು ಹೋಮಿಯೋಪತಿ ಕಲಿತವರೂ ಇದ್ದಾರೆ. ಯಾರು ಯಾವ ಪದ್ಧತಿಯವರೆಂಬುದು ರೋಗಿಗೆ ತಿಳಿಯಬೇಕೆಂಬ ಉದ್ದೇಶದಿಂದಲೇ ರಾಜ್ಯ ಸರ್ಕಾರವು 2024ರಲ್ಲಿ ಅಲೋಪತಿ ದವಾಖಾನೆಗೆ ನೀಲಿ, ಆಯುರ್ವೇದದ್ದಕ್ಕೆ ಹಸಿರು ಫಲಕವಿರಬೇಕೆಂದು ಸೂಚಿಸಿತು. ಪದವಿಗಿಂತ ಕೈಗುಣವನ್ನು ನಂಬಿ ಬರುವ ಜನ ಫಲಕದ ಬಣ್ಣವನ್ನು ಎಷ್ಟು ಗಮನಿಸುತ್ತಾರೆಂಬುದು ಬೇರೆ ಮಾತು.

ರೋಗಿಯ ಕಡೆಯಿಂದ ನೋಡಿದರೆ ದವಾಖಾನೆಯ ಭೇಟಿಯೆಂದರೆ ಬಹುಪಾಲು ಕಾಯುವಿಕೆ. ಸರದಿ ಹಚ್ಚಿ ಹೆಸರು ಕರೆಯುವವರೆಗೆ ಗಂಟೆಗಟ್ಟಲೆ ಕೂತವರಿಗೆ ಒಳಗೆ ದೊರೆಯುವ ಸಮಯ ಬಹಳ ಕಡಿಮೆ. ಹಲವು ದೇಶಗಳ ಪ್ರಾಥಮಿಕ ಚಿಕಿತ್ಸೆಯನ್ನು ಹೋಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ವೈದ್ಯರು ಒಬ್ಬ ರೋಗಿಗೆ ಕೊಡುವ ಸರಾಸರಿ ಸಮಯ ಸ್ವೀಡನ್ನಿನಲ್ಲಿ 22 ನಿಮಿಷಗಳಿಗೂ ಹೆಚ್ಚು, ಬಾಂಗ್ಲಾದೇಶದಲ್ಲಿ ಒಂದು ನಿಮಿಷಕ್ಕಿಂತ ಕಡಿಮೆ. ಭಾರತದಲ್ಲಿ ಅದು ಸುಮಾರು ಎರಡು ನಿಮಿಷ. ಎರಡು ನಿಮಿಷದಲ್ಲಿ ಅಪರಿಚಿತರ ದೇಹವನ್ನು ಅರಿಯುವುದು ಅಸಾಧ್ಯವೇ ಸರಿ, ಆದರೆ ಅವ್ವನ ಸಕ್ಕರೆ ಕಾಯಿಲೆ, ಅಪ್ಪನ ದಮ್ಮು, ಹಿರಿಯ ಮಗಳ ಬಾಣಂತನ ಎಲ್ಲವನ್ನೂ ಮೊದಲೇ ಬಲ್ಲ ವೈದ್ಯರಿಗೆ ಅದೇ ಎರಡು ನಿಮಿಷ ಸಾಕಾಗಬಹುದು. ಕುಟುಂಬ ವೈದ್ಯ ಪದ್ಧತಿಯ ಬಲವಿರುವುದು ಇಲ್ಲಿಯೇ.

ಅಮೆರಿಕದ ವೈದ್ಯೆ ಬಾರ್ಬರಾ ಸ್ಟಾರ್‌ಫೀಲ್ಡ್ ಪ್ರಾಥಮಿಕ ಚಿಕಿತ್ಸೆಯ ಲಕ್ಷಣಗಳಾಗಿ ಗುರುತಿಸಿದವುಗಳಲ್ಲಿ ಮೊದಲ ಭೇಟಿಯ ಸೌಲಭ್ಯದಷ್ಟೇ ಮುಖ್ಯವಾದದ್ದು ನಿರಂತರತೆ, ಎಂದರೆ ಒಬ್ಬರೇ ವೈದ್ಯರು ಒಬ್ಬ ವ್ಯಕ್ತಿಯನ್ನು ವರ್ಷಗಳುದ್ದಕ್ಕೂ ನೋಡುತ್ತ ಬರುವುದು. ನಾರ್ವೆಯಲ್ಲಿ ನಡೆದು 2020ರ ದಶಕದ ಆರಂಭದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಒಬ್ಬರೇ ವೈದ್ಯರ ಬಳಿ 15 ವರ್ಷಕ್ಕಿಂತ ಹೆಚ್ಚು ಕಾಲ ಉಳಿದ ರೋಗಿಗಳಲ್ಲಿ ಸಾವಿನ ಸಂಭವ, ಒಂದೇ ವರ್ಷದ ಪರಿಚಯವಿದ್ದವರಿಗಿಂತ ಸುಮಾರು ಶೇ. 25ರಷ್ಟು ಕಡಿಮೆಯಿತ್ತೆಂದು ಕಂಡುಕೊಂಡಿತು. ನಾರ್ವೆಯಲ್ಲಿ ಬಹುತೇಕ ಪ್ರತಿಯೊಬ್ಬ ನಾಗರಿಕನ ಹೆಸರೂ ಒಬ್ಬ ವೈದ್ಯರ ಪಟ್ಟಿಯಲ್ಲಿ ಸೇರಿರುತ್ತದೆ. ಭಾರತದಲ್ಲಿ ಅಂಥ ಏರ್ಪಾಡು ಇಲ್ಲದಿರುವುದರಿಂದ, ಇಲ್ಲಿ ನಿರಂತರತೆಯೆಂಬುದು ರೋಗಿಯ ನಂಬಿಕೆ ಮತ್ತು ವೈದ್ಯರು ಊರು ಬಿಡದಿರುವುದು ಇವೆರಡರ ಮೇಲಷ್ಟೇ ನಿಂತಿದೆ.

ಊರನ್ನು ಬಲ್ಲ ವೈದ್ಯರಿಗೆ ರೋಗವನ್ನು ಅರಿಯುವುದೂ ಸುಲಭ. ತಿಕೋಟಾ, ಬಬಲೇಶ್ವರದ ಸುತ್ತ ದ್ರಾಕ್ಷಿ ತೋಟಗಳು ಹಬ್ಬಿದ್ದು, ಚಾಟ್ನಿ ಎಂದು ಕರೆಯಲಾಗುವ ಬಳ್ಳಿ ಸವರುವ ಕೆಲಸ ಮುಗಿದ ಮೇಲೆ ತಿಂಗಳುಗಟ್ಟಲೆ ಕೀಟನಾಶಕ ಸಿಂಪಡಿಸುತ್ತಾರೆ; ಎಣ್ಣೆ ಹೊಡೆದು ಬಂದ ಕೂಲಿಕಾರನು ತಲೆಸುತ್ತು, ವಾಕರಿಕೆ, ಕಣ್ಣುರಿ ಎಂದಾಗ ಪಿತ್ತವೆಂದು ಗುಳಿಗೆ ಕೊಟ್ಟು ಕಳಿಸುವುದಕ್ಕೂ, ‘ಇವತ್ತ ಏನ್ ಹೊಡದಿ, ಮುಖಕ್ಕ ಬಟ್ಟಿ ಕಟ್ಟಿದ್ಯೋ ಇಲ್ಲೋ’ ಎಂದು ಕೇಳುವುದಕ್ಕೂ ಅಜಗಜಾಂತರವಿದೆ. ಜಿಲ್ಲೆಯ ಕೆಲವು ಭಾಗಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದರಿಂದ, ಹಲ್ಲಿನ ಮೇಲಿನ ಕಂದುಗಲೆಯನ್ನೂ ಸೊಂಟ ಬಾಗದ ಬಿಗುವನ್ನೂ ಬರೀ ವಯಸ್ಸಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಸುಸ್ತೆಂದು ಬಂದವರಿಗೆ ಕುಡಿದ ನೀರೆಷ್ಟೆಂಬ ಪ್ರಶ್ನೆಯೇ ಅರ್ಧ ತಪಾಸಣೆ.

ಈ ಸಲುಗೆಯ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಸೂಜಿ ಮಾಡದ, ಸಲೈನ್ ಹಚ್ಚದ ಡಾಕ್ಟರು ಡಾಕ್ಟರೇ ಅಲ್ಲವೆಂಬ ಭಾವನೆ ಹಳ್ಳಿಗಳಲ್ಲಿ ಗಟ್ಟಿಯಾಗಿದ್ದು, ನಾಳೆಯೇ ಕೆಲಸಕ್ಕೆ ಹೋಗಬೇಕಾದ ಕೂಲಿಕಾರನಿಗೆ ಮೂರು ದಿನ ವಿಶ್ರಾಂತಿ ಎಂಬ ಸಲಹೆ ನಷ್ಟದ ಬಾಬತ್ತಾಗಿ ಕಾಣುತ್ತದೆ. ಆ ಒತ್ತಾಯಕ್ಕೆ ಮಣಿದ ಕಡೆ ಸಾಮಾನ್ಯ ನೆಗಡಿಗೂ ಪ್ರತಿಜೀವಕ, ಮೈಕೈ ನೋವಿಗೆ ಸ್ಟಿರಾಯ್ಡ್ ಸೇರುತ್ತವೆ. ಕೆಲವು ಪ್ರಬಲ ಪ್ರತಿಜೀವಕಗಳ ಮಾರಾಟವನ್ನು ಔಷಧ ಅಂಗಡಿಯವರು ಪ್ರತ್ಯೇಕ ದಾಖಲೆಯಲ್ಲಿ ಬರೆದಿಡಬೇಕೆಂಬ ನಿಯಮ 2014ರಿಂದ ಜಾರಿಯಲ್ಲಿದೆಯಾದರೂ, ವೈದ್ಯರೇ ಪುಡಿಕೆ ಕಟ್ಟಿ ಕೊಡುವಲ್ಲಿ ತಾನು ನುಂಗಿದ್ದೇನೆಂಬುದು ರೋಗಿಗೆ ಗೊತ್ತಾಗುವುದೇ ಇಲ್ಲ. ದರದ ಫಲಕವನ್ನೂ ನೋಂದಣಿ ಸಂಖ್ಯೆಯನ್ನೂ ಕಾಣುವಂತೆ ಹಾಕಬೇಕೆನ್ನುವ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ನೇತೃತ್ವದ ಪ್ರಾಧಿಕಾರವಿದೆ; ಮನೆಯವರಂತಿರುವ ಡಾಕ್ಟರರ ಮೇಲೆ ಅಲ್ಲಿ ದೂರು ಕೊಡುವ ಮನಸ್ಸು ಮಾಡುವವರು ವಿರಳ.

ಸರ್ಕಾರ ತೆರೆದ ಪರ್ಯಾಯವೂ ಗಮನಾರ್ಹವಾದುದೇ. 2022ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಉದ್ಘಾಟನೆಗೊಂಡ ‘ನಮ್ಮ ಕ್ಲಿನಿಕ್’ ಯೋಜನೆಯು ನಗರದ ಬಡ ಬಡಾವಣೆಗಳಲ್ಲಿ ಒಬ್ಬ ವೈದ್ಯರು, ಒಬ್ಬ ಶುಶ್ರೂಷಕರು, ಒಬ್ಬ ಪ್ರಯೋಗಾಲಯ ತಂತ್ರಜ್ಞರಿರುವ ಉಚಿತ ಚಿಕಿತ್ಸಾಲಯಗಳನ್ನು ಆರಂಭಿಸಿತು. ಅಲ್ಲಿ ರಕ್ತಪರೀಕ್ಷೆಗೂ ಗುಳಿಗೆಗೂ ಹಣವಿಲ್ಲ, ಇದು ಸಣ್ಣ ಮಾತಲ್ಲ, ಏಕೆಂದರೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಭರಿಸುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯು ಒಳರೋಗಿಯಾಗಿ ದಾಖಲಾಗುವ ಚಿಕಿತ್ಸೆಗಾಗಿ ಇರುವಂಥದೇ ಹೊರತು, ಖಾಸಗಿ ದವಾಖಾನೆಯ ದಿನನಿತ್ಯದ ಖರ್ಚನ್ನು ಕೊಡುವುದಿಲ್ಲ. ಆದರೆ ಸರ್ಕಾರಿ ಚಿಕಿತ್ಸಾಲಯ ಸಾಮಾನ್ಯವಾಗಿ ಕೂಲಿಯ ಹೊತ್ತಿನಲ್ಲಿ ತೆರೆದು ಸಂಜೆಗೆ ಮುಚ್ಚುತ್ತದೆ, ಖಾಸಗಿಯದು ತುಂಬುವುದೇ ದೀಪ ಹಚ್ಚಿದ ಮೇಲೆ. ಜೊತೆಗೆ ಗುತ್ತಿಗೆಯ ಮೇಲೆ ಬಂದ ತರುಣ ವೈದ್ಯರು ಸ್ನಾತಕೋತ್ತರ ಸೀಟು ಸಿಕ್ಕೊಡನೆ ಹೊರಟುಹೋಗುವುದರಿಂದ, ಚಿಕಿತ್ಸೆ ಕೈಗೆಟುಕುವಂತಾದರೂ ಪರಿಚಯ ಬೆಳೆಯುವುದಿಲ್ಲ. ಯೋಜನೆ ರೂಪಿಸುವವರು ಕಟ್ಟಡದ ಸಂಖ್ಯೆಯಷ್ಟೇ ಗಂಭೀರವಾಗಿ ವೈದ್ಯರ ವಾಸ್ತವ್ಯದ ಅವಧಿಯನ್ನೂ ಎಣಿಸಬೇಕಾಗಿತ್ತು.

ಖಾಸಗಿ ದವಾಖಾನೆಯ ನೆನಪಿಗೂ ಒಂದು ಕೊನೆಯಿದೆ. ಮೂರು ತಲೆಮಾರಿನ ಜಡ್ಡುಜಾಪತ್ತುಗಳ ವಿವರ ವೈದ್ಯರ ತಲೆಯಲ್ಲಿರುತ್ತದೆಯೇ ಹೊರತು ಕಾಗದದ ಮೇಲಲ್ಲ. ಅವರು ವೃತ್ತಿ ನಿಲ್ಲಿಸಿದ ದಿನ ಅದೂ ನಿಲ್ಲುತ್ತದೆ. ವೈದ್ಯರ ನಡವಳಿಕೆಯನ್ನು ಕುರಿತ 2002ರ ರಾಷ್ಟ್ರೀಯ ನಿಯಮಾವಳಿಯು ದಾಖಲೆಗಳನ್ನು ಮೂರು ವರ್ಷ ಕಾಯ್ದಿಡಬೇಕೆಂದು ಹೇಳುವುದು ಒಳರೋಗಿಗಳ ಮಟ್ಟಿಗೆ. ಬಂದು ಹೋಗುವ ಹೊರರೋಗಿಯ ಚರಿತ್ರೆ ಹೀಗೆ ನಿಯಮದ ಹೊರಗೇ ಉಳಿದಿದ್ದು, ಹೆಚ್ಚಿನ ಚಿಕಿತ್ಸೆಗೆಂದು ಸೋಲಾಪುರಕ್ಕೋ ಮಿರಜಕ್ಕೋ ಹೊರಟ ಕುಟುಂಬವು ಅಲ್ಲಿನ ತಜ್ಞರ ಮುಂದೆ ಬಿಚ್ಚುವುದು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಹಳೆಯ ಚೀಟಿಗಳು, ರಕ್ತಪರೀಕ್ಷೆಯ ಮಾಸಿದ ವರದಿಗಳು ಮತ್ತು ಹೆಸರು ಹರಿದುಹೋದ ಗುಳಿಗೆಯ ಪಟ್ಟಿಗಳನ್ನೇ. ಊರಿನ ಡಾಕ್ಟರರು ಆ ಚೀಟಿಯ ಹಿಂದೆ ರೋಗದ ಹೆಸರು, ಕೊಟ್ಟ ಔಷಧ, ಒಗ್ಗದ ಔಷಧ ಇಷ್ಟನ್ನು ಬಿಡಿಸಿ ಬರೆದುಕೊಟ್ಟಿದ್ದರೆ ತಜ್ಞರು ಚಿಕಿತ್ಸೆಯನ್ನು ಮೊದಲಿನಿಂದ ಶುರುಮಾಡಬೇಕಾಗಿಲ್ಲ, ಅದೇ ಪರೀಕ್ಷೆಗಳಿಗೆ ಮನೆಯವರು ಮತ್ತೆ ಹಣ ಕಟ್ಟಬೇಕಾಗಿಲ್ಲ.