ಊರಿಗೊಂದು ನೋಟು: ಸ್ಪೇನ್ ಅಂತರ್ಯುದ್ಧದ ತುರ್ತು ಹಣ

1936ರ ಜುಲೈನಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಆರಂಭವಾದಾಗ ಜನರು ಬೆಳ್ಳಿಯ ನಾಣ್ಯಗಳನ್ನು ಬಚ್ಚಿಟ್ಟುಕೊಂಡದ್ದರಿಂದ, ಗಣರಾಜ್ಯ ಸರ್ಕಾರದ ಹಿಡಿತದಲ್ಲಿದ್ದ ಊರುಗಳಲ್ಲಿ ದಿನನಿತ್ಯದ ವ್ಯಾಪಾರಕ್ಕೆ ಬೇಕಾದ ಚಿಲ್ಲರೆಗೆ ತೀವ್ರ ಅಭಾವ ಉಂಟಾಯಿತು. ಈ ಕೊರತೆಯನ್ನು ನೀಗಿಸಲು ಪ್ರಾಂತೀಯ ಆಡಳಿತಗಳೂ ಪುರಸಭೆಗಳೂ ತಾವಾಗಿಯೇ ಹೊರಡಿಸಿದ ಕಾಗದದ ಹಣವೇ ತುರ್ತು ನೋಟು. ಕ್ಯಾಟಲೋನಿಯಾದ ಪ್ರಾಂತೀಯ ಸರ್ಕಾರ ಎರಡೂವರೆ, 5 ಮತ್ತು 10 ಪೆಸೆಟಾಗಳ ನೋಟುಗಳನ್ನು ಹೊರಡಿಸಿದರೆ, ಸಣ್ಣ ಊರುಗಳು ಪೆಸೆಟಾದ ನೂರನೇ ಒಂದು ಭಾಗವಾದ ಸೆಂಟಿಮೊಗಳಲ್ಲಿ 25, 50ರ ಮುಖಬೆಲೆಯ ಚೀಟಿಗಳನ್ನು ಮುದ್ರಿಸಿಕೊಂಡವು. ಊರಿನ ಗಡಿ ದಾಟಿದರೆ ಅವುಗಳಿಗೆ ಸಾಮಾನ್ಯವಾಗಿ ಬೆಲೆ ಇರುತ್ತಿರಲಿಲ್ಲ.

ಇಂಥ ತುರ್ತು ಹಣದ ಸಂಗ್ರಹಗಳಲ್ಲಿ ಎಲ್ಲಕ್ಕಿಂತ ಮನಮುಟ್ಟುವ ವಸ್ತು 1938ರ ದುಂಡನೆಯ ರಟ್ಟಿನ ಬಿಲ್ಲೆ. ಅದರ ಒಂದು ಮಗ್ಗುಲಲ್ಲಿ ರಾಷ್ಟ್ರಲಾಂಛನವಿದ್ದು, ಇನ್ನೊಂದು ಮಗ್ಗುಲಿಗೆ ಅಂಚೆಚೀಟಿಯನ್ನು ಅಂಟಿಸಲಾಗಿರುತ್ತದೆ. ಚೀಟಿಯ ಬೆಲೆಯೇ ಬಿಲ್ಲೆಯ ಬೆಲೆ. ಯುದ್ಧವು ಒಂದು ದೇಶದ ಹಣಕಾಸನ್ನು ಯಾವ ಸ್ಥಿತಿಗೆ ತಂದಿತ್ತೆಂಬುದನ್ನು ಇಷ್ಟು ನೇರವಾಗಿ ತೋರಿಸುವ ದಾಖಲೆಗಳು ವಿರಳ.

ಗಣರಾಜ್ಯದ ವಿರುದ್ಧ ಹೋರಾಡುತ್ತಿದ್ದ ಸೇನಾನಾಯಕ ಫ್ರಾಂಕೊನ ಆಡಳಿತವು ಎದುರಾಳಿ ಸರ್ಕಾರದ ಕಾಗದದ ಹಣವನ್ನು ಇಟ್ಟುಕೊಳ್ಳುವುದನ್ನೇ 1938ರಲ್ಲಿ ನಿಷೇಧಿಸಿತು. ಹಾಗಾಗಿ ಉಳಿದುಬಂದಿರುವ ಹರಿದ, ಮಡಿಕೆ ಬಿದ್ದ ಚೀಟಿಗೂ ಚಾರಿತ್ರಿಕ ಮಹತ್ವವಿದೆ. ಬಲ್ಲ ಸಂಗ್ರಾಹಕರು ಊರಿನ ಹೆಸರು, ಪುರಸಭೆಯ ಮುದ್ರೆ, ಅಧಿಕಾರಿಗಳ ಸಹಿ ಹಾಗೂ ಕ್ರಮಸಂಖ್ಯೆಗಳನ್ನು ಪರಿಶೀಲಿಸಿ, ಅಂದವಾಗಿ ಕಾಣಲೆಂದು ನೋಟನ್ನು ತೊಳೆಯದೆ, ಹರಿದಲ್ಲಿ ಅಂಟುಪಟ್ಟಿ ಹಚ್ಚದೆ, ಇದ್ದ ಸ್ಥಿತಿಯಲ್ಲೇ ಆಮ್ಲರಹಿತ ಹಾಳೆಗಳ ನಡುವೆ ಕಾಪಾಡುತ್ತಾರೆ.