ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಹ್ಯಾಂಗ್ ಆಗ್ತಾ ಇದೆಯೇ? ಕಾರ್ಡನ್ನು ದೂರುವ ಮೊದಲು ಇಷ್ಟು ನೋಡಿ

ಹೊಸ ಗ್ರಾಫಿಕ್ಸ್ ಕಾರ್ಡಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಹಾಗಾಗಿ ಮದುವೆ ವೀಡಿಯೊ ಎಡಿಟ್ ಮಾಡುವವರು, ತ್ರೀಡಿ ಡಿಸೈನ್ ಕಲಿಯುವ ಮಕ್ಕಳು, ಗೇಮ್ ಆಡುವ ಹುಡುಗರು ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕುತ್ತಾರೆ. ಹಾಕಿದ ದಿನ ಎಲ್ಲವೂ ಸರಿ. ಮರುದಿನ ವೀಡಿಯೊ ರೆಂಡರ್‌ಗೆ ಇಟ್ಟು ಚಾ ಕುಡಿದು ಬರುವಷ್ಟರಲ್ಲಿ ಸ್ಕ್ರೀನ್ ನಿಂತಲ್ಲೇ ನಿಂತಿರುತ್ತದೆ. ಮೌಸ್ ಅಲುಗುವುದಿಲ್ಲ, ಕೀಬೋರ್ಡ್ ಕೇಳುವುದಿಲ್ಲ.

ಮಾರಿದವರು ಕೊಟ್ಟಿರುವುದು ಹೆಚ್ಚೆಂದರೆ ಕೆಲವು ದಿನಗಳ ಚೆಕ್ಕಿಂಗ್ ವಾರಂಟಿ. ಅಷ್ಟರೊಳಗೆ ತಪ್ಪು ಕಾರ್ಡಿನದ್ದೋ ನಮ್ಮ ಕಂಪ್ಯೂಟರಿನದ್ದೋ ಎಂದು ಗೊತ್ತಾಗಬೇಕು. ಇಲ್ಲದಿದ್ದರೆ ಒಳ್ಳೆಯ ಕಾರ್ಡನ್ನು ವಾಪಸ್ ಕೊಟ್ಟು ಬರುತ್ತೀರಿ, ಅಥವಾ ಕೆಟ್ಟ ಕಾರ್ಡನ್ನು ಇಟ್ಟುಕೊಂಡು ದುಡ್ಡು ಕಳೆದುಕೊಳ್ಳುತ್ತೀರಿ.

ಹೇಗೆ ಹ್ಯಾಂಗ್ ಆಗ್ತದೆ ಎಂಬುದನ್ನು ಗಮನಿಸಿ

ಎಲ್ಲ ಹ್ಯಾಂಗ್ ಒಂದೇ ಅಲ್ಲ. ಗೇಮ್ ಅಥವಾ ರೆಂಡರ್ ಶುರು ಮಾಡಿದ ಕೂಡಲೇ ಕಂಪ್ಯೂಟರ್ ಪಟ್ಟನೆ ಆಫ್ ಆಗಿ ರೀಸ್ಟಾರ್ಟ್ ಆದರೆ ಮೊದಲ ಸಂಶಯ ಪವರ್ ಸಪ್ಲೈ ಮೇಲೆ. ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ ನಂತರ ನಿಂತರೆ ಬಿಸಿಯ ಸಮಸ್ಯೆ ಇರಬಹುದು. ಸ್ಕ್ರೀನಿನಲ್ಲಿ ಬಣ್ಣದ ಚುಕ್ಕೆ, ಚೌಕ, ಗೆರೆಗಳು ಬಂದು ನಿಂತರೆ ಕಾರ್ಡಿನ ಮೆಮೊರಿ ಹಾಳಾಗಿರುವ ಸಾಧ್ಯತೆ ಹೆಚ್ಚು. ಸುಮ್ಮನೆ ಬ್ರೌಸರ್ ನೋಡುವಾಗಲೂ ಹ್ಯಾಂಗ್ ಆದರೆ ಡ್ರೈವರನ್ನು ಮೊದಲು ನೋಡಿ.

ಒಂದೆರಡು ಸೆಕೆಂಡ್ ನಿಂತು, ಸ್ಕ್ರೀನ್ ಕಪ್ಪಾಗಿ, ಮತ್ತೆ ತಾನೇ ಸರಿಯಾಗುವುದೂ ಉಂಟು. ಕಾರ್ಡ್ 2 ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ರೀಸೆಟ್ ಮಾಡುತ್ತದೆ. ಆಗ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 'ಡಿಸ್‌ಪ್ಲೇ' ಹೆಸರಿನಲ್ಲಿ 4101 ಎಂಬ ನಂಬರ್ ಬೀಳುತ್ತದೆ. ಅಲ್ಲೇ 'ಕರ್ನಲ್ ಪವರ್ 41' ಕೂಡ ಕಾಣಬಹುದು. ಅದನ್ನು ನೋಡಿ 'ಪವರ್ ಸಪ್ಲೈ ಹೋಯ್ತು' ಎಂದು ತೀರ್ಮಾನಿಸಬೇಡಿ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದರ ಅರ್ಥ. ಹ್ಯಾಂಗ್ ಆದಾಗ ನೀವೇ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಅದು ಬರುತ್ತದೆ.

ಮೊದಲು ಕಾರ್ಡ್ ತೆಗೆದು ನೋಡಿ

ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡನ್ನು ತೆಗೆದು, ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗೆ ಹಾಕಿ ಒಂದು ದಿನ ಕೆಲಸ ಮಾಡಿ. ಆಗಲೂ ಹ್ಯಾಂಗ್ ಆದರೆ ಕಾರ್ಡಿನ ತಪ್ಪಲ್ಲ; ರ‍್ಯಾಮ್, ಡಿಸ್ಕ್ ಅಥವಾ ಪವರ್ ಸಪ್ಲೈ ನೋಡಬೇಕು. ಇಂಟೆಲ್ ಪ್ರೊಸೆಸರ್ ನಂಬರಿನ ಕೊನೆಯಲ್ಲಿ 'ಎಫ್' ಅಕ್ಷರ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಅಂಥವರು ಹಳೆಯ ಕಾರ್ಡನ್ನೇ ಮತ್ತೆ ಹಾಕಿ ನೋಡಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಡ್ರೈವರ್, ಕೇಬಲ್, ರ‍್ಯಾಮ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದೇ ಇಲ್ಲ.

ಹಳೆಯ ಡ್ರೈವರ್ ತೆಗೆಯಿರಿ

ಮೊದಲು ಎನ್ವಿಡಿಯಾ ಕಾರ್ಡ್ ಇದ್ದು ಈಗ ಎಎಂಡಿ ಹಾಕಿದ್ದರೆ, ಅಥವಾ ತಿರುಗಾಮುರುಗಾ ಆಗಿದ್ದರೆ, ಹಳೆಯ ಡ್ರೈವರಿನ ಪಳೆಯುಳಿಕೆ ತೊಂದರೆ ಕೊಡಬಹುದು. 'ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್' ಎಂಬ ಉಚಿತ ಸಾಫ್ಟ್‌ವೇರ್ ಉಂಟು. ಹೊಸ ಡ್ರೈವರನ್ನು ಕಂಪೆನಿಯ ವೆಬ್‌ಸೈಟಿನಿಂದ ಮೊದಲೇ ಇಳಿಸಿಟ್ಟುಕೊಳ್ಳಿ. ಆಮೇಲೆ ಇಂಟರ್‌ನೆಟ್ ತೆಗೆದು, ಸೇಫ್ ಮೋಡ್‌ಗೆ ಹೋಗಿ ಹಳೆಯದನ್ನು ಅಳಿಸಿ, ರೀಸ್ಟಾರ್ಟ್ ಮಾಡಿ ಹೊಸದನ್ನು ಹಾಕಿ. ಇಂಟರ್‌ನೆಟ್ ಇದ್ದರೆ ನಡುವಿನಲ್ಲಿ ವಿಂಡೋಸ್ ತಾನೇ ಒಂದು ಡ್ರೈವರ್ ತಂದು ಹಾಕಿಬಿಡುತ್ತದೆ.

ಪವರ್ ಸಪ್ಲೈಯ ಲೆಕ್ಕ

ಹೆಚ್ಚಿನವರು ಸೋಲುವುದು ಇಲ್ಲೇ. ಬಾಕ್ಸಿನ ಮೇಲೆ '500 ವ್ಯಾಟ್' ಎಂದು ದೊಡ್ಡದಾಗಿ ಬರೆದಿರುತ್ತದೆ. ನೀವು ನೋಡಬೇಕಾದದ್ದು ಒಳಗಿನ ಲೇಬಲ್‌ನಲ್ಲಿ 12 ವೋಲ್ಟ್ ಎದುರು ಇರುವ ಆಂಪಿಯರ್. ಅಲ್ಲಿ 18 ಆಂಪಿಯರ್ ಇದ್ದರೆ 12 ಗುಣಿಸು 18, ಅಂದರೆ 216 ವ್ಯಾಟ್ ಮಾತ್ರ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳ ಸಿಗುವ ಆರ್‌ಎಕ್ಸ್ 580 ಕಾರ್ಡಿಗೇ 185 ವ್ಯಾಟ್ ಬೇಕು. ಪ್ರೊಸೆಸರಿಗೆ 65 ವ್ಯಾಟ್ ಸೇರಿಸಿದರೆ 250 ಆಯಿತು. ಹಾಗಿರುವಾಗ ಹ್ಯಾಂಗ್ ಆಗದೆ ಇನ್ನೇನಾದೀತು?

ಕಾರ್ಡ್ ಕೂರುವ ಸ್ಲಾಟ್ ಕೊಡುವುದು 75 ವ್ಯಾಟ್. 6 ಪಿನ್ ಕೇಬಲ್ ಇನ್ನೊಂದು 75, 8 ಪಿನ್ ಕೇಬಲ್ 150 ವ್ಯಾಟ್ ಕೊಡುತ್ತದೆ. ಆಫೀಸುಗಳಿಂದ ಹರಾಜಿಗೆ ಬಂದ ಹಳೆಯ ಬ್ರಾಂಡೆಡ್ ಕಂಪ್ಯೂಟರುಗಳಲ್ಲಿ ಹಲವಕ್ಕೆ ಈ ಕೇಬಲ್‌ಗಳೇ ಇರುವುದಿಲ್ಲ. ಆಗ ಕೆಲವರು ಹಾರ್ಡ್ ಡಿಸ್ಕಿನ ಸಾಟಾ ಕೇಬಲಿಗೆ ಅಡಾಪ್ಟರ್ ಸಿಕ್ಕಿಸಿ ಕಾರ್ಡಿಗೆ ಕೊಡುತ್ತಾರೆ. ದಯವಿಟ್ಟು ಅದನ್ನು ಮಾಡ್ಬೇಡಿ. ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ತಾಳುವುದು 54 ವ್ಯಾಟ್. ಅದಕ್ಕಿಂತ ಹೆಚ್ಚು ಎಳೆದರೆ ಪ್ಲಾಸ್ಟಿಕ್ ಕರಗಿ ಬೆಂಕಿ ಹಿಡಿಯುವ ಅಪಾಯ ಉಂಟು. ಹ್ಯಾಂಗ್ ಆಗುವ ಕಂಪ್ಯೂಟರ್ ಪರವಾಗಿಲ್ಲ, ಮನೆಗೆ ಬೆಂಕಿ ಬೀಳಬಾರದು.

ಬಿಸಿ, ಧೂಳು, ನಮ್ಮ ಕರಾವಳಿಯ ಗಾಳಿ

'ಜಿಪಿಯು ಝಡ್' ಅಥವಾ 'ಎಚ್‌ಡಬ್ಲ್ಯೂ ಇನ್ಫೊ' ಹಾಕಿ, ಗೇಮ್ ಓಡಿಸುವಾಗ ತಾಪಮಾನ ನೋಡಿ. ಎನ್ವಿಡಿಯಾದ ಜಿಟಿಎಕ್ಸ್ 10 ಸರಣಿಯ ಕಾರ್ಡುಗಳು ಸಾಮಾನ್ಯವಾಗಿ 83 ಡಿಗ್ರಿಯ ಸುಮಾರಿಗೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. 90 ದಾಟುತ್ತಿದ್ದರೆ ಫ್ಯಾನ್ ತಿರುಗುತ್ತಿದೆಯೇ ನೋಡಿ. ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಎಷ್ಟೋ ಕಾರ್ಡುಗಳು ಸರಿಯಾಗುತ್ತವೆ. ಆದರೆ ಕೂಲರ್ ಬಿಚ್ಚಿದರೆ ಮಾರಿದವರು ವಾಪಸ್ ತೆಗೆದುಕೊಳ್ಳಲಿಕ್ಕಿಲ್ಲ, ಮೊದಲೇ ಕೇಳಿಕೊಳ್ಳಿ.

ಕಾಸರಗೋಡಿನಿಂದ ಉಡುಪಿಯವರೆಗೆ ಗಾಳಿಯಲ್ಲಿ ತೇವವೂ ಉಂಟು, ಉಪ್ಪೂ ಉಂಟು. ಕಾರ್ಡಿನ ಕೆಳಗಿನ ಚಿನ್ನದ ಬಣ್ಣದ ಪಟ್ಟಿ ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಸ್ಲಾಟ್‌ನಲ್ಲಿ 'ಟಕ್' ಎನ್ನುವವರೆಗೆ ಕೂರಿಸಿ.

ಮೈನಿಂಗ್‌ನಲ್ಲಿ ದುಡಿದ ಕಾರ್ಡೇ?

2022ರ ಸೆಪ್ಟೆಂಬರ್ 15ರಂದು ಎಥೀರಿಯಂ ತನ್ನ ವ್ಯವಸ್ಥೆ ಬದಲಿಸಿದಾಗ ಅದರ ಮೈನಿಂಗ್‌ಗೆ ಗ್ರಾಫಿಕ್ಸ್ ಕಾರ್ಡೇ ಬೇಡವಾಯಿತು. ಹಗಲು ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಮೈನಿಂಗ್ ಕಾರ್ಡ್ ಎಲ್ಲವೂ ಕೆಟ್ಟದ್ದೇನಲ್ಲ. ಆದರೆ ಆರ್‌ಎಕ್ಸ್ 470, 480, 570, 580 ಕಾರ್ಡುಗಳಲ್ಲಿ ಮೆಮೊರಿಯಿಂದ ಹೆಚ್ಚು ಕೆಲಸ ತೆಗೆಯಲು ಬಯೋಸ್ ತಿದ್ದುವ ರೂಢಿ ಇತ್ತು. ಮೈನಿಂಗ್‌ನಲ್ಲಿ ಒಂದು ಲೆಕ್ಕ ತಪ್ಪಿದರೆ ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ, ಅಷ್ಟೇ. ಅದೇ ತಪ್ಪು ಗೇಮ್‌ನಲ್ಲಿ ಆದರೆ ಕಂಪ್ಯೂಟರ್ ನಿಲ್ಲುತ್ತದೆ. ಮಾರಿದವರು 'ನನ್ನಲ್ಲಿ ಚೆನ್ನಾಗಿಯೇ ಓಡ್ತಿತ್ತು' ಎಂದರೆ ಅದು ಸುಳ್ಳೇ ಆಗಿರಬೇಕೆಂದಿಲ್ಲ.

ಪರೀಕ್ಷೆ ಸುಲಭ. 'ಎಂಎಸ್‌ಐ ಆಫ್ಟರ್‌ಬರ್ನರ್'ನಲ್ಲಿ ಮೊದಲು ಮೆಮೊರಿ ವೇಗವನ್ನು ಮಾತ್ರ ಸ್ವಲ್ಪ ತಗ್ಗಿಸಿ. ಹ್ಯಾಂಗ್ ನಿಂತರೆ ಮೆಮೊರಿ ಅಥವಾ ಬಯೋಸ್ ತೊಂದರೆ. ನಿಲ್ಲದಿದ್ದರೆ ಅದನ್ನು ಮೊದಲಿನಂತೆ ಮಾಡಿ, ಪವರ್ ಲಿಮಿಟನ್ನು 80 ಶೇಕಡಕ್ಕೆ ಇಳಿಸಿ. ಆಗ ನಿಂತರೆ ಪವರ್ ಸಪ್ಲೈ ಅಥವಾ ಬಿಸಿ. ಕೆಲವು ಕಾರ್ಡುಗಳ ಅಂಚಿನಲ್ಲಿ ಎರಡು ಬಯೋಸ್ ನಡುವಿನ ಸಣ್ಣ ಸ್ವಿಚ್ ಇರುತ್ತದೆ. ಕಂಪ್ಯೂಟರ್ ಆಫ್ ಮಾಡಿ ಅದನ್ನು ಇನ್ನೊಂದು ಬದಿಗೆ ತಳ್ಳಿಯೂ ನೋಡಬಹುದು. ಹಳೆಯ ಕಾರ್ಡಿಗೆ ಹೊಸ ಹೆಸರು ತುಂಬಿ ಮಾರುವವರೂ ಇದ್ದಾರೆ. ಅಂಥ ಹಲವು ನಕಲಿಗಳನ್ನು ಜಿಪಿಯು ಝಡ್ ಗುರುತಿಸಿ ಹೆಸರಿನ ಪಕ್ಕ 'ಫೇಕ್' ಎಂದು ತೋರಿಸುತ್ತದೆ.

ಕೊನೆಯ ತೀರ್ಮಾನ

ಇಷ್ಟೆಲ್ಲ ಆದ ಮೇಲೆ ಕಾರ್ಡನ್ನು ಗೆಳೆಯರ ಒಳ್ಳೆಯ ಪವರ್ ಸಪ್ಲೈ ಇರುವ ಕಂಪ್ಯೂಟರಿಗೆ ಹಾಕಿ ಓಡಿಸಿ. ಅಲ್ಲಿಯೂ ನಿಂತರೆ ಕಾರ್ಡೇ ಕೆಟ್ಟಿದೆ. ಓವನ್‌ನಲ್ಲಿ ಇಟ್ಟು ಬಿಸಿ ಮಾಡುವ ಯೂಟ್ಯೂಬ್ ವಿದ್ಯೆ ಬೇಡ. ಅದರಿಂದ ಸರಿಯಾದಂತೆ ಕಂಡರೂ ಹೆಚ್ಚು ದಿನ ಬಾಳುವುದಿಲ್ಲ, ಅಡುಗೆಯ ಓವನ್ ಕೂಡ ಹಾಳು. ಹ್ಯಾಂಗ್ ಆಗುವುದರ ವೀಡಿಯೊ, ತಾಪಮಾನದ ಸ್ಕ್ರೀನ್‌ಶಾಟ್, ಎರಡು ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿದ ವಿವರ ಹಿಡಿದುಕೊಂಡು ವಾರಂಟಿ ಮುಗಿಯುವ ಮೊದಲೇ ಮಾರಿದವರ ಬಳಿ ಹೋಗಿ. ಜಗಳ ಮಾಡುವ ಅಗತ್ಯವೇ ಬಾರದು.

ಇನ್ನು ಖರೀದಿಸಲು ಹೊರಟವರಿದ್ದರೆ, ಅಂಗಡಿಯಲ್ಲೇ ಅರ್ಧ ಗಂಟೆ ಗೇಮ್ ಓಡಿಸಿ ನೋಡಿ. ಚೆಕ್ಕಿಂಗ್ ವಾರಂಟಿ ಎಷ್ಟು ದಿನ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮನೆಯ ಪವರ್ ಸಪ್ಲೈಯ ಲೇಬಲನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡೇ ಹೋಗಿ.